ಅತ್ತೆ ಕೇಳಿದ ಗಂಜಿ

ಮೂಗು ಮುರಿಯುತ್ತಲೇ ಉಂಡ ನನ್ನ ಅತ್ತೆಗೆ, ಸಪ್ಪೆ ಕೈಯ ಸೊಸೆಯ ನಮಸ್ಕಾರ.

ಅತ್ತೆ, ನೀವು ಹೋದ ಮೇಲೆ ನಿಂತಿದ್ದ ನನ್ನ ಕಡಿಮೆ ಉಪ್ಪಿನ ಅಡುಗೆ ತರಗತಿ ಮತ್ತೆ ಶುರುವಾಗಿದೆ. ಅದೇ ಆರೋಗ್ಯ ಕೇಂದ್ರದ ಹಿಂದಿನ ಕೋಣೆ, ಅದೇ ಹೊಗೆ ಹಿಡಿದ ಗೋಡೆ. ಹೆಂಗಸರು ಮನೆಯಿಂದ ಹಿಡಿ ಬೇಳೆಯೋ ಸೊಪ್ಪೋ ತರುತ್ತಾರೆ, ಎಲ್ಲ ಒಂದೇ ಪಾತ್ರೆಯಲ್ಲಿ ಬೇಯುತ್ತದೆ. ಉಪ್ಪು ಹಾಕುವ ಮುಂಚೆ ಎಲ್ಲರೂ ಒಂದೊಂದು ಚಮಚ ರುಚಿ ನೋಡಬೇಕು. ಆಮೇಲೆ ನಿಂಬೆರಸ, ಹುರಿದ ಜೀರಿಗೆ, ಕೊನೆಗೆ ಚಿಟಿಕೆ ಉಪ್ಪು. ಮೊದಲ ಚಮಚ ಯಾವಾಗಲೂ ನಿಮ್ಮದೇ ಆಗಿತ್ತು. ಈಗ ಮುಂದಿನ ಬೆಂಚಿನಲ್ಲಿ ಯಾರೂ ಕೂರುವುದಿಲ್ಲ.

ಆ ಚಮಚ ಬಾಯಿಗಿಟ್ಟು ನೀವು ಮಾಡುತ್ತಿದ್ದ ಮುಖ ನೋಡಲೆಂದೇ ಅರ್ಧ ಊರು ಬರುತ್ತಿತ್ತು. "ಇದು ಊಟಾನೋ ಉಪವಾಸಾನೋ ಹೇಳೇ ತಾಯಿ!" ಎಂದು ನೀವು ಅನ್ನುವುದು, ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುವುದು. ನಾನು ಮುಖ ಊದಿಸಿಕೊಳ್ಳುತ್ತಿದ್ದೆ. ಆದರೆ ನಿಮ್ಮ ತಮಾಷೆಗೆ ಬಂದವರೇ ಮನೆಗೆ ಹೋಗಿ ಉಪ್ಪಿನ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದರು. ನಿಮಗದು ಗೊತ್ತಿತ್ತಾ?

ನಿಮ್ಮ ರಕ್ತದೊತ್ತಡ ಏರಿ ಡಾಕ್ಟರು ಗದರಿದ ದಿನದಿಂದ ನಮ್ಮನೆಯಲ್ಲೂ ಅದೇ ನಿಯಮ. ನೀವು ತಟ್ಟೆ ತಳ್ಳಲಿಲ್ಲ, ಆದರೆ ಗೊಣಗದೆ ಒಂದು ತುತ್ತೂ ಉಣ್ಣಲಿಲ್ಲ. "ಬದುಕಿರೋದೇ ನಾಲಿಗೆಗೆ ಕಣೇ, ಅದನ್ನೂ ಕಿತ್ಕೊಂಡೆ" ಎಂದಿರಿ ಒಮ್ಮೆ. ತಮಾಷೆಗೆ ಅಂದಿರೋ ನಿಜಕ್ಕೋ, ಆ ಮಾತು ನನ್ನನ್ನು ಬಿಡಲಿಲ್ಲ. ನಿಮ್ಮ ಆಯಸ್ಸು ಬೆಳೆಸಲು ಹೋಗಿ ಸುಖ ಕಸಿದೆನೇನೋ ಎಂಬ ಕೊರಗು. ತರಗತಿಯಲ್ಲಿ ಯಾರಾದರೂ "ನಿಮ್ಮತ್ತೆಗೆ ಹಿಡಿಸ್ತಾ?" ಎಂದರೆ ಸೌಟು ತಿರುವುತ್ತಾ ಮಾತು ಮರೆಸುತ್ತಿದ್ದೆ.

ಕೊನೆಗೆ ಡಾಕ್ಟರು, "ಇನ್ನು ಪಥ್ಯ ಬೇಡ, ಕೇಳಿದ್ದು ಕೊಡಿ" ಎಂದರಲ್ಲ. ಅಟ್ಟದ ಡಬ್ಬಿ ಇಳಿಸಿ, ನಿಮ್ಮ ಹಳೆಯ ಅಳತೆಯಲ್ಲೇ ಉಪ್ಪು ಹಾಕಿ ಗಂಜಿ ಕಾಸಿದೆ. ಖುಷಿಪಡುತ್ತೀರಿ ಅಂದುಕೊಂಡಿದ್ದೆ. ಬಾಯಿಗಿಟ್ಟ ಕೂಡಲೇ ಅದೇ ಮುಖ! "ಥೂ, ಇದೇನೇ ಇಷ್ಟು ಉಪ್ಪು... ನಿನ್ನ ಗಂಜಿ ಮಾಡ್ಕೊಂಡು ಬಾ ಹೋಗು."

ನಗುತ್ತಲೇ ಅಡುಗೆಮನೆಗೆ ಓಡಿದೆ, ಅತ್ತೆ. ನಿಂಬೆ ಹಿಂಡುವಾಗ ಕಣ್ಣು ಮಂಜಾಗಿ ಬೀಜವೆಲ್ಲ ಒಳಗೆ ಬಿತ್ತು. ಒಂದೊಂದೇ ಆರಿಸಿ ತೆಗೆಯುತ್ತಾ ನಿಂತೆ. ಬಟ್ಟಲು ಹಿಡಿದು ಬರುವಷ್ಟರಲ್ಲಿ ನಿಮ್ಮ ಮಗ ನಿಮ್ಮ ಕಣ್ಣು ಮುಚ್ಚಿಸುತ್ತಿದ್ದರು.

ಬೀಜ ಬಿದ್ದರೆ ಬೀಳಲಿ ಎಂದು ಹಾಗೇ ತಂದುಬಿಡಬಾರದಿತ್ತೇ ಎಂದು ಈಗಲೂ ಅನಿಸುತ್ತದೆ.

ನಿನ್ನೆ ಚೊಚ್ಚಲ ಬಸುರಿಯೊಬ್ಬಳು ತರಗತಿಗೆ ಬಂದಿದ್ದಳು. ಚಮಚ ಬಾಯಿಗಿಟ್ಟು, ಮುಖ ಹಿಂಡಿ, "ನಿಮ್ಮತ್ತೆಗೆ ಇದು ಹಿಡಿಸ್ತಾ?" ಎಂದು ಅದೇ ಪ್ರಶ್ನೆ ಕೇಳಿದಳು. "ಹೂಂ, ಬಾಯಿಬಿಟ್ಟು ಕೇಳಿದ್ರು" ಎಂದೆ. ಕೇಳಿದಿರಿ ಅತ್ತೆ, ಒಂದು ತುತ್ತು ಉಣಿಸಲು ನನಗಾಗಲಿಲ್ಲ.

ಹೋದಲ್ಲಿ ನಿಮ್ಮ ಹಸಿವು ನೀಗಲಿ. ಅಲ್ಲಿಯೂ ಯಾರಾದರೂ ನಿಮ್ಮ ಗೊಣಗಾಟ ಕೇಳಿ ನಗಲಿ.

ಬಟ್ಟಲು ಹಿಡಿದೇ ನಿಂತಿರುವ,
ನಿಮ್ಮ ಸೊಸೆ