ಅತ್ತೆಯವರ ಕಡುಬಿನ ಪಾತ್ರೆ

ಹೊನ್ನಾಳಿ
12 ನವೆಂಬರ್ 2024

ರೂಪಶ್ರೀಯ ಅಪ್ಪನವರಿಗೆ ಕಸ್ತೂರಿಯ ಶರಣು.

ಫೋನ್ ಮಾಡಿದರೆ ಎತ್ತುವುದಿಲ್ಲ, ವಾಟ್ಸಾಪ್ ಕಳಿಸಿದರೆ ನೋಡಿಯೂ ಸುಮ್ಮನಿರುತ್ತೀರಿ. ಅದಕ್ಕೇ ಈ ಕಾಗದ. ನಿಮ್ಮ ಅಕ್ಕನ ಮಗ ಪರಮೇಶ್ ಜಗಳೂರಿಗೆ ವಾಪಸ್ ಹೊರಟಿದ್ದಾನೆ, ಅವನ ಕೈಯಲ್ಲಿ ಇದರ ಜೊತೆ ಒಂದು ಡಬ್ಬಿ ಖಾರದ ಕಡುಬನ್ನೂ ಕೊಟ್ಟಿದ್ದೇನೆ. ಕಾಗದ ಓದುವ ಮೊದಲೇ ಡಬ್ಬಿ ಖಾಲಿ ಮಾಡಿರುತ್ತೀರಿ, ನನಗೆ ಗೊತ್ತಿಲ್ಲವೇ?

ಊರಿಗೆಲ್ಲ ಮದುವೆ ಅಡುಗೆ ಮಾಡಿದ ನೀವು ನಾಗರಪಂಚಮಿಯ ಮರುದಿನ ಒಂದು ಪಾತ್ರೆಗಾಗಿ ಮನೆ ಬಿಟ್ಟು ಅಕ್ಕನ ಮನೆ ಸೇರಿದಿರಿ. ಅತ್ತೆಯವರ ಕಡುಬಿನ ಪಾತ್ರೆಯಲ್ಲಿ ನಾನು ಮೋಮೋ ಬೇಯಿಸಿದೆನಂತೆ! “ನಮ್ಮವ್ವನ ಪಾತ್ರೆಯಾಗೆ ಬಸ್ ಸ್ಟ್ಯಾಂಡ್ ತಿಂಡಿ ಬೇಯಿಸಾಕೆ ಹೆಂಗೆ ಮನಸ್ಸು ಬಂತು ನಿನಗೆ?” ಎಂದು ಕೂಗಾಡಿದಿರಿ. ಅವತ್ತು ಹೇಳಿದ್ದನ್ನೇ ಇವತ್ತೂ ಹೇಳುತ್ತೇನೆ. ಅದಕ್ಕೂ ಕಣಕ ಬೇಕು, ಹೂರಣ ಬೇಕು, ಹಬೆ ಬೇಕು. ಎಲೆಕೋಸು ತುಂಬಿದ ಮಾತ್ರಕ್ಕೆ ಪಾತ್ರೆ ಕೆಡುತ್ತದೆಯೇ? ಅತ್ತೆ ಇದ್ದಿದ್ದರೆ ಮೊದಲನೆಯದನ್ನು ಅವರೇ ತಿನ್ನುತ್ತಿದ್ದರು.

ನೀವು ಹೋದಿರೆಂದು ನಾನೇನು ಕೈ ಕಟ್ಟಿ ಕೂತಿಲ್ಲ. ಮಗಳು ಫೋನಿನಲ್ಲಿ ತೋರಿಸುತ್ತಾಳೆ, ನಾನು ಮಾಡುತ್ತೇನೆ. ಹೋದ ತಿಂಗಳು ಸವಳಂಗದ ಒಂದು ಗೃಹಪ್ರವೇಶಕ್ಕೆ ಥಾಯ್ಲೆಂಡಿನವರ ತೆಂಗಿನಹಾಲಿನ ಸಾರು ಮಾಡಿದೆ, ನಮ್ಮ ಹಿತ್ತಲಿನ ನಿಂಬೆ ಘಮದ ಮಜ್ಜಿಗೆ ಹುಲ್ಲು ಹಾಕಿ. ಪಂಕ್ತಿಯ ಕೊನೆಯಲ್ಲಿದ್ದ ಅಜ್ಜ “ಎಂಥ ಸಾರವ್ವ ಇದು, ಇನ್ನೊಂದು ಸೌಟು ಬಿಡು” ಎಂದರು. ಹೆಮ್ಮೆ ಆಯಿತು. ಆದರೆ ಅದಕ್ಕೂ ಮೊದಲು ಒಲೆಯ ಮುಂದೆ ಉಪ್ಪು ನೋಡಿಸಲೆಂದು ಅಭ್ಯಾಸಬಲದಿಂದ ಸೌಟನ್ನು ಪಕ್ಕಕ್ಕೆ ಚಾಚಿದ್ದೆ. ಅಂಗೈ ಒಡ್ಡಲು ಅಲ್ಲಿ ಯಾರೂ ಇರಲಿಲ್ಲ. ಹೊಗೆ ಅಂತ ನೆಪ ಹೇಳಿ ಕಣ್ಣೊರೆಸಿಕೊಂಡೆ.

ಈಗ ಮುಖ್ಯ ವಿಷಯ. ಭಾನುವಾರ ನಮ್ಮ ಮನೆಯಲ್ಲೇ ರೂಪಶ್ರೀಯ ನಿಶ್ಚಿತಾರ್ಥ. ಹುಡುಗ ಚನ್ನಗಿರಿಯ ಗುರುಬಸವರಾಜ್, ನೀವೇ ನೋಡಿ ಒಪ್ಪಿದವನು. ಅವನ ಗೆಳೆಯರಿಗೆ ನೂಡಲ್ಸು, ಮೋಮೋ ನಾನೇ ಮಾಡುತ್ತೇನೆ. “ಮೋಮೋ ಇರೋ ಪಂಕ್ತಿಗೆ ನಾನು ಬರಲ್ಲ” ಎಂದು ಅಕ್ಕನ ಹತ್ತಿರ ಹೇಳಿಸಿದ್ದೀರಿ. ಆಗಲಿ. ಹಿರಿಯರ ಗೋಧಿ ಹುಗ್ಗಿಗೆ ತಿಪ್ಪೇರುದ್ರನನ್ನು ಗೊತ್ತು ಮಾಡಿದ್ದೇನೆ. ಹೌದು, ಗಸಗಸೆ ಉಳಿಸಿ ಮನೆಗೆ ಒಯ್ಯುತ್ತಾನೆ ಎಂದು ನೀವು ಬೈಯುತ್ತೀರಲ್ಲ, ಅದೇ ತಿಪ್ಪೇರುದ್ರ. ನಿಮ್ಮ ಮಗಳ ನಿಶ್ಚಿತಾರ್ಥದ ಹುಗ್ಗಿಯನ್ನು ಅವನೇ ತೊಳಸುತ್ತಾನೆ. ತಳ ಹಿಡಿದರೆ ಹಿಡಿಯಲಿ.

ನೀವು ನೆಂಟರಂತೆ ಬಂದು ಉಂಡು ಹೋದರೂ ಸಾಕು. ನಿನ್ನೆ ಸೀರೆ ತೋರಿಸಲು ಹೋದರೆ ರೂಪಶ್ರೀ ಅದನ್ನು ಬಿಚ್ಚಿಯೂ ನೋಡಲಿಲ್ಲ. “ಅಪ್ಪ ಬರ್ಲಿಲ್ಲ ಅಂದ್ರೆ ನಾನು ಹಸೆ ಮ್ಯಾಲೆ ಕೂರಲ್ಲ ನೋಡವ್ವ” ಎಂದಳು. ಹಟದಲ್ಲಿ ಯಾರ ಮಗಳು ಅಂತ ಬೇರೆ ಹೇಳಬೇಕೇ? ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಬೇಡಿ.

ಚಳಿ ಬಿದ್ದಿದೆ, ತಣ್ಣೀರಿನಲ್ಲಿ ಸ್ನಾನ ಮಾಡಬೇಡಿ. ಅಕ್ಕನವರಿಗೆ ನನ್ನ ಶರಣು ತಿಳಿಸಿ.

ಇಷ್ಟಾದರೂ ನಿಮ್ಮವಳೇ ಆದ,
ಕಸ್ತೂರಿ

ತಾ.ಕ.: ಡಬ್ಬಿಯಲ್ಲಿ ಇದ್ದದ್ದು ಮೋಮೋ. ಕಣಕ ಮೈದಾದ್ದು, ಒಳಗೆ ಅತ್ತೆಯವರ ಹೆಸರುಬೇಳೆ ಮೆಂತ್ಯಸೊಪ್ಪಿನ ಹೂರಣ. ಅಂಚಿನ ನೆರಿಗೆ ಮದುವೆಯಾದ ವರ್ಷ ಕಡುಬಿಗೆಂದು ನೀವೇ ನನ್ನ ಬೆರಳು ಹಿಡಿದು ಕಲಿಸಿದ್ದು. ಬೇಯಿಸಿದ್ದು ಅದೇ ಪಾತ್ರೆಯಲ್ಲಿ.

ತಿಪ್ಪೇರುದ್ರನನ್ನು ನಾನು ಗೊತ್ತು ಮಾಡಿಲ್ಲ. ಯಾರನ್ನೂ ಮಾಡಿಲ್ಲ. ಬೀಗಿತ್ತಿ ಫೋನ್ ಮಾಡಿ “ಹುಗ್ಗಿ ನಿಮ್ಮ ಯಜಮಾನ್ರ ಕೈದೇ ತಾನೇರೀ?” ಎಂದರು, ಹೂಂ ಎಂದುಬಿಟ್ಟೆ. ಶನಿವಾರ ಸಂಜೆಗೆ ಗೋಧಿ ನೆನೆಹಾಕಬೇಕು. ಅಷ್ಟು ಜನಕ್ಕೆ ಎಷ್ಟು ಅಂತ ನೀವು ನನಗೆ ಯಾವತ್ತೂ ಹೇಳಿಕೊಟ್ಟಿಲ್ಲ. ಬಂದು ನೀವೇ ನೆನೆಹಾಕಿ.