ಅಣೆಕಟ್ಟಿನ ಫೋನು ಕತ್ತರಿಸಿದವರಿಗೆ

ಮಾನ್ಯ ರಕ್ಷಣಾ ಸಚಿವರೇ,

ನನ್ನ ಮಗಳ ಫೋಟೋವನ್ನು ಊರಿನ ಗೋಡೆಗಳಿಂದ ಮೊದಲು ಕೀಳಿಸಿ. ಶತ್ರುಗಳು ನೀರು ಬಿಟ್ಟು ಅವಳನ್ನು ಕೊಂದರೆಂದು ಅದರ ಕೆಳಗೆ ಬರೆಸಿದ್ದೀರಿ. ಅವಳನ್ನು ಕೊಂದದ್ದು ತಮ್ಮ ಆಜ್ಞೆ.

ನಾನು ಗಡಿಯ ಈಚೆ, ಹೊಳೆದಂಡೆಯ ಕೋಣೆಯಲ್ಲಿ ಸೈರನ್ ಕೂಗಿಸುವವನು. ಅಣೆಕಟ್ಟು ಇರುವುದು ಗಡಿಯಾಚೆ. ಅಲ್ಲಿ ಗೇಟು ಎತ್ತುವಾತನನ್ನು ನಾನು ಕಂಡವನಲ್ಲ. ಅವನ ದನಿ, ಕೆಮ್ಮು ಮಾತ್ರ ಗೊತ್ತು. "ತಮ್ಮಾ, ನೀರು ಬಿಡ್ಬೇಕು, ಕೂಗ್ಸಪ್ಪ" ಎನ್ನುತ್ತಿದ್ದ. ನಾನು ಸೈರನ್ ಕೂಗಿಸಿ, ಹೊಳೆಯಲ್ಲಿದ್ದವರೆಲ್ಲ ದಡ ಹತ್ತಿದ ಮೇಲೆ "ಆಯ್ತಣ್ಣ, ಬಿಡು" ಎನ್ನುತ್ತಿದ್ದೆ. ಹಿಂದಿನ ಯುದ್ಧದಲ್ಲೂ ಈ ಮಾತು ನಿಂತಿರಲಿಲ್ಲ. ಈ ಸಲ ತಾವು, ಶತ್ರುವಿನೊಡನೆ ಸಂಭಾಷಣೆ ದೇಶದ್ರೋಹವೆಂದು ಫೋನಿನ ತಂತಿಯನ್ನೇ ಕತ್ತರಿಸಿದಿರಿ. ಎಂಥ ದೂರದೃಷ್ಟಿ! ಕೆಲವೇ ದಿನಗಳಲ್ಲಿ ಹೇಳದೆ ಕೇಳದೆ ನೀರು ಬಂತು. ನನ್ನ ಮಗಳು ಹೊಳೆಯಲ್ಲಿ ಕಂಬಳಿ ಒಗೆಯುತ್ತಿದ್ದಳು. ತಮ್ಮ ಸೈನಿಕರ ಕಂಬಳಿ, ಸ್ವಾಮಿ.

ಯುದ್ಧ ಶುರುವಾದದ್ದು ಆಡೂ ಮೇಯದ ಒಂದು ಬೋಳುಗುಡ್ಡಕ್ಕೆ. ಮಗಳು ಸತ್ತ ಮೇಲೆ ಗುಡ್ಡ ಮರೆತೇಹೋಯಿತು. ಅವಳ ಸೇಡಿಗೆಂದು ಇನ್ನೊಂದು ಚಳಿಗಾಲ ಯುದ್ಧ ಎಳೆದಿರಿ. ಎಷ್ಟು ಮನೆಯ ಮಕ್ಕಳು ಅವಳ ಹೆಸರಿನಲ್ಲಿ ಸತ್ತರೋ! ಆಮೇಲೆ ನಮಗೆ ಅವರ ಗೋಧಿ ಬೇಕಾಯಿತು, ಅವರಿಗೆ ನಮ್ಮ ಕಲ್ಲಿದ್ದಲು. ತಾವು ನಗುನಗುತ್ತಾ ಕೈಕುಲುಕಿದಿರಿ. ಹಾಗಾದರೆ ನನ್ನ ಮಗಳ ಸೇಡು ಎಲ್ಲಿ ಹೋಯಿತು? ಗೋಧಿ ಮೂಟೆಯ ಅಡಿಗೆ ಸಿಕ್ಕಿಕೊಂಡಿತೆ? ನನಗೆ ಆ ಸೇಡು ಬೇಕಿರಲಿಲ್ಲ, ಬಿಡಿ. ಆದರೆ ಪೋಸ್ಟರುಗಳು ಇನ್ನೂ ಹಾಗೇ ಇವೆ. ನನ್ನ ಹೆಂಡತಿ ಪೇಟೆಗೆ ಹೋಗುವುದನ್ನೇ ಬಿಟ್ಟಿದ್ದಾಳೆ. "ಗೋಡೆಗೋಡೇಲೂ ಕೂಸು ನನ್ನೇ ನೋಡ್ತಿರುತ್ತೆ. ನಾನೇನು ಕಲ್ಲಾ?" ಎನ್ನುತ್ತಾಳೆ.

ಗೋಧಿ ಲಾರಿಗಳಿಗೆ ದಾರಿ ತೆರೆದಿರಿ, ಫೋನಿಗೆ ಮಾತ್ರ ಇನ್ನೂ ಅನುಮತಿ ಇಲ್ಲವಂತೆ. ಮಳೆಗಾಲ ಹತ್ತಿರ ಬಂತು. ಹೊಳೆಯಲ್ಲಿ ಈಗ ಬೇರೆಯವರ ಮಕ್ಕಳು ಬಟ್ಟೆ ಒಗೆಯುತ್ತಿದ್ದಾರೆ. ತಂತಿಯನ್ನು ಈ ವಾರವೇ ಜೋಡಿಸಿಕೊಡಿ.

ಇನ್ನೊಂದು ಕಾರಣವೂ ಇದೆ. ಮೊನ್ನೆ ಒಬ್ಬ ಲಾರಿ ಡ್ರೈವರು ಗಡಿಯಾಚೆಯಿಂದ ಗೇಟಿನವನ ಮಾತು ಹೊತ್ತು ತಂದ: "ಆವತ್ತು ಬೆಳಗಿಂದ ಫೋನ್ ಮಾಡ್ದೆ ತಮ್ಮಾ, ನೀನು ಎತ್ತಲೇ ಇಲ್ಲ. ಕಟ್ಟೆ ಒಡೆಯೋ ಹಾಗಿತ್ತು, ಬಿಟ್ಬಿಟ್ಟೆ. ಮನೇಲಿ ಎಲ್ಲ ಕ್ಷೇಮ ತಾನೆ?"

ಅವನಿಗೆ ಗೊತ್ತಿಲ್ಲ. ಡ್ರೈವರನ ಬಾಯಲ್ಲಿ ಹೇಳಿಕಳಿಸಲು ನನಗೆ ಮನಸ್ಸಾಗಲಿಲ್ಲ. ಅದನ್ನು ನಾನೇ ಅವನಿಗೆ ಹೇಳಬೇಕು.

ಇಂತಿ,
ಸತ್ತ ಫೋನಿನ ಪಕ್ಕ ಇನ್ನೂ ಡ್ಯೂಟಿಯಲ್ಲಿರುವ
ಸೈರನ್ನಿನವ