ಶಿವಮೊಗ್ಗದ ಜಪಾನು

ಹಳೇನಗರ, ಭದ್ರಾವತಿ
೧೫-೨-೨೦೦೩

ಮೈಸೂರುವಾಸಿನಿ ಶೀಲಕ್ಕನ ಪಾದಾರವಿಂದಗಳಿಗೆ,

ತಮ್ಮನಾದ ಸುನಿಲನ ಸಾಷ್ಟಾಂಗ ನಮಸ್ಕಾರ. ಉತ್ತರ ತಡವಾಯಿತು, ಕ್ಷಮೆಯಿರಲಿ. ಸತ್ತವರ ಪರವಾಗಿ ಮಾತಾಡುವ ಉದ್ಯೋಗದಲ್ಲಿ ಬಿಡುವು ಕಡಿಮೆ.

ಕಾರ್ಖಾನೆ ಕೆಲಸಕ್ಕೆಂದು ಜಪಾನಿಗೆ ಹೋದ ಆನಂದಣ್ಣ ಅಲ್ಲಿ ಲಾರಿಗೆ ಸಿಕ್ಕಿ ತೀರಿಹೋದದ್ದನ್ನು ಅವ್ವನ ಹಾರ್ಟು ತಡೆಯದು, ಹೇಳಕೂಡದು ಎಂದು ನೀನೂ ಭಾವನೂ ಅಪ್ಪಣೆ ಕೊಟ್ಟಿರಿ. ಅಂದಿನಿಂದ ಭಾನುವಾರ ಭಾನುವಾರ ಎಸ್‌ಟಿಡಿ ಬೂತಿನಿಂದ ಪಕ್ಕದಮನೆ ದಾಕ್ಷಾಯಣಕ್ಕನ ಫೋನಿಗೆ ಅಣ್ಣನ ದನಿಯಲ್ಲಿ ಮಾತಾಡುತ್ತಿದ್ದೇನೆ. ಹೆಡ್‌ಮಾಸ್ತರರ ದನಿಯಲ್ಲಿ ಸ್ಕೂಲಿಗೇ ರಜೆ ಕೊಟ್ಟವನಿಗೆ ಇದೇನು ಕಷ್ಟ ಎಂದು ಭಾವ ನಕ್ಕಿದ್ದರಲ್ಲ.

ಈಗ ಅವ್ವನದು ಒಂದೇ ಹಟ, ಮಗನಿರುವ ಜಪಾನು ನೋಡಬೇಕು. ಮಂಗಳವಾರ ಶಿವಮೊಗ್ಗದಲ್ಲಿ ಚೆಕಪ್ ಇತ್ತು. ಆ ಹೊಸ ಆಸ್ಪತ್ರೆಯ ಹಿಂದೆ ಜಪಾನಿ ತೋಟ ಮಾಡಿದ್ದಾರೆ. ಕುಳ್ಳ ಮರಗಳು, ಕಲ್ಲಿನ ದೀಪ, ಕೊಳದ ಬದಲು ಬಿಳಿ ಜಲ್ಲಿ ಹರಡಿ ಅಲೆಯಂತೆ ಎಳೆದ ಗೆರೆಗಳು. ಅಣ್ಣನ ಊರು ಥೇಟ್ ಹೀಗೇ ಎಂದು ಗೈಡಿನ ಗಾಂಭೀರ್ಯದಿಂದ ವಿವರಿಸಿದೆ. ಅವ್ವ ಚಪ್ಪಲಿ ಬಿಟ್ಟು ಜಲ್ಲಿಗೆ ಇಳಿದೇಬಿಟ್ಟಳು. ಬಿಸಿಲಿಗೆ ಹರಡಿದ ಭತ್ತದಲ್ಲಿ ಓಡಾಡುವಂತೆ ಕಾಲೆಳೆಯುತ್ತ ಅವರ ಗೆರೆಗಳನ್ನೆಲ್ಲ ಅಳಿಸಿ ತನ್ನವನ್ನು ಮೂಡಿಸಿದಳು. ವಾಚ್‌ಮನ್ ಓಡಿಬಂದು, ಇದು ತುಳಿಯೋದಲ್ಲಮ್ಮ, ನೋಡೋದು ಎಂದು ಗದರಿದ.

"ಕಾಲಾಡಿಸ್ದೆ ಬಿಟ್ರೆ ಅಡೀಲಿರೋದು ಒಣಗುತ್ತೇನಪ್ಪಾ?"

ನಾನು ನಕ್ಕೆ. ಅವ್ವ ನಗಲಿಲ್ಲ. ಬಗ್ಗಿ ಒಂದು ಹಿಡಿ ಜಲ್ಲಿ ಸೆರಗಿಗೆ ಕಟ್ಟಿಕೊಂಡಳು.

ಭದ್ರಾವತಿಯ ಸೇತುವೆ ಹತ್ತಿರ ಬಸ್ಸು ನಿಲ್ಲಿಸಿ ಹೊಳೆಗಿಳಿದಳು. ಸೆರಗು ಬಿಚ್ಚಿ ಜಲ್ಲಿಯನ್ನು ನೀರಿಗೆ ಬಿಟ್ಟಳು. ಮೂರು ಸಲ ಮುಳುಗಿ ಎದ್ದಳು. ದಡದಲ್ಲಿ ಅವಳ ಚಪ್ಪಲಿ ಹಿಡಿದು ನಿಂತಿದ್ದ ನನಗೆ ಒಂದು ಜೋಕೂ ಹೊಳೆಯಲಿಲ್ಲ. ಒದ್ದೆ ಸೀರೆಯಲ್ಲೇ ನಡೆದು ಮನೆಗೆ ಬಂದೆವು. ಅವ್ವ ಅಳಲಿಲ್ಲ, ಅನ್ನಕ್ಕಿಟ್ಟಳು.

ಮುಂದಿನ ಸಲ ಊರಿಗೆ ಬರುವಾಗ ನಿನ್ನ ಅಟ್ಟದ ಮೇಲಿರುವ ಅಣ್ಣನ ಅಸ್ಥಿ ತಂದುಬಿಡು. ಬಚ್ಚಿಡಲು ಇನ್ನು ಕಾರಣವಿಲ್ಲ.

ಭಾವನಿಗೆ ನಮಸ್ಕಾರ. ನೀನು ಮಕ್ಕಳೊಂದಿಗೆ ನೂರು ಕಾಲ ಬಾಳು. ಚಿಕ್ಕವನು ಹರಸುತ್ತಾನೆಂದು ಸಿಟ್ಟಾಗಬೇಡ, ಈ ಮನೆಯಲ್ಲಿ ಹರಸಲು ಉಳಿದಿರುವ ಗಂಡಸು ನಾನೊಬ್ಬನೇ.

ಇತಿ,
ಸುನಿಲ

ತಾ.ಕ.: ಅವತ್ತು ಅನ್ನ ಬಡಿಸುತ್ತ ಅವ್ವ ನನ್ನ ಮುಖ ನೋಡದೆ ಅಂದಳು: "ಮೊದಲ್ನೇ ಸಲಾನೇ ಗೊತ್ತಾಯ್ತು ಕಣೋ. ಆದ್ರೂ ಭಾನುವಾರ ತಪ್ಪಿಸ್ಬೇಡ. ಅವನ ಥರಾನೇ ಮಾತಾಡು."

ನಾಳೆ ಭಾನುವಾರ. ಬೆಳಿಗ್ಗೆಯಿಂದ ಬಚ್ಚಲಮನೆಯಲ್ಲಿ ನಿಂತು ಪ್ರಯತ್ನಿಸುತ್ತಿದ್ದೇನೆ ಅಕ್ಕ. ಅಣ್ಣನ ದನಿ ಬರುತ್ತಿಲ್ಲ.